ಎರಡು ಮಾರು ಮೈಲಮ್ಮ

ಬನ್ನಿಹಟ್ಟಿಯ ಕಂಬಳಿ ಪಕ್ಕೀರಪ್ಪ ಊರಿಗೆಲ್ಲ ಒಂದು ಸುಳ್ಳು ಹೇಳಿದ್ದ. ದೊಡ್ಡ ಸುಳ್ಳೇನಲ್ಲ; ಗಂಡಸರು ಹೇಳುವ ಸುಳ್ಳುಗಳ ಸಂತೆಯಲ್ಲಿ ಅದಕ್ಕೆ ಮೂಲೆಯಲ್ಲಿ ಕೂರಲೂ ಜಾಗ ಸಿಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಮೈಲಮ್ಮನ ದನಿ ತನ್ನ ಬಳಿ ಒಂದು ಕ್ಯಾಸೆಟ್ಟಿನಲ್ಲಿದೆ, ಅದನ್ನು ತಾನು ದಿನಾ ಉಂಡ ಮೇಲೆ ಕೇಳುತ್ತೇನೆ ಎಂಬುದು ಆ ಸುಳ್ಳು. ಇದರಲ್ಲಿ ಮೊದಲರ್ಧ ಸತ್ಯ. ಉಳಿದರ್ಧಕ್ಕೆ ಬೇಕಾದ ಟೇಪ್‌ರೆಕಾರ್ಡರ್ ಅವನ ಮನೆಯಲ್ಲಿ ಇರಲೇ ಇಲ್ಲ.

ಕ್ಯಾಸೆಟ್ಟು ಬಂದದ್ದು ಹೀಗೆ. ದೊಡ್ಡವರಿಗೆಲ್ಲ ಅಕ್ಷರ ಕಲಿಸುವ ಚಳವಳಿ ಜೋರಾಗಿದ್ದ ಕಾಲದಲ್ಲಿ ಹಡಗಲಿ ಕಡೆಯಿಂದ ಗೀತಮ್ಮ ಎಂಬ ಟೀಚರು ಊರಿಗೆ ಬರುತ್ತಿದ್ದರು. ಸ್ಲೇಟಿನ ಮೇಲೆ ಅ ಆ ತಿದ್ದಿಸಿದ ಮೇಲೆ ಅವರು ಹೆಂಗಸರ ಕಥೆಗಳನ್ನು ಟೇಪಿನಲ್ಲಿ ತುಂಬಿಕೊಳ್ಳುತ್ತಿದ್ದರು. ಮೈಲಮ್ಮ ರಾಟೆಯ ಮುಂದೆ ಕೂತು ಉಣ್ಣೆ ನೂಲುತ್ತ ಕಥೆ ಹೇಳಿದ್ದಳಂತೆ. ಗೀತಮ್ಮ ಅದರದೊಂದು ಕ್ಯಾಸೆಟ್ಟನ್ನು ನೆನಪಿಗೆ ಇರಲಿ ಎಂದು ಕೊಟ್ಟು ಹೋಗಿದ್ದರು. “ಕಥಿ ಪೂರಾ ಆಕಿದು. ನಾನು ಅಲ್ಲೊಂದು ಇಲ್ಲೊಂದು ಎಳಿ ಕೂಡಿಸೀನಿ, ಅಷ್ಟ,” ಎಂದು ಪಕ್ಕೀರಪ್ಪ ಕಂಡವರಿಗೆಲ್ಲ ಹೇಳುತ್ತಿದ್ದ.

ಹಾಗಾದರೆ ಅವನು ಅದನ್ನು ಯಾಕೆ ಕೇಳಿರಲಿಲ್ಲ? ಕೊಟ್ಟೂರಿಗೆ ಹೋದರೆ ಟೇಪ್‌ರೆಕಾರ್ಡರ್ ಇರುವ ಅಂಗಡಿಗಳಿಗೇನು ಬರವಿರಲಿಲ್ಲ. ಆದರೆ ಪಕ್ಕೀರಪ್ಪನಿಗೆ ಒಂದು ಭಯವಿತ್ತು. ಅವನು ಹುಟ್ಟಿದಾಗಿನಿಂದ ಕಂಡಿದ್ದು ನೂಲಿನ ಉಂಡೆ. ಉಂಡೆಯಿಂದ ಎಳೆದದ್ದು ಮಗ್ಗಕ್ಕೆ ಹೋಗುತ್ತದೆ, ಉಂಡೆ ಸಣ್ಣದಾಗುತ್ತದೆ, ಒಂದು ದಿನ ಮುಗಿದೇ ಹೋಗುತ್ತದೆ. ಕ್ಯಾಸೆಟ್ಟಿನ ಪುಟ್ಟ ಕಿಟಕಿಯಲ್ಲಿ ಇಣುಕಿದರೆ ಅಲ್ಲಿಯೂ ಒಂದು ಉಂಡೆ ಕಾಣುತ್ತಿತ್ತು. ಕೇಳಿದಷ್ಟೂ ಅವಳು ಖರ್ಚಾಗಿಹೋಗುತ್ತಾಳೆ ಎಂದು ಅವನು ನಂಬಿದ್ದ. ಬದುಕಿದ್ದಾಗ ಮುಗಿಯದ ಹಾಗಿದ್ದ ಹೆಂಡತಿ ಈಗ ಬರೀ ಒಂದು ತಾಸು ಉಳಿದಿದ್ದಳು. ಅದನ್ನೂ ಖರ್ಚು ಮಾಡಿಕೊಂಡು ಆಮೇಲೆ ಏನು ಮಾಡುವುದು?

ಆದರೆ ಆ ವರ್ಷದ ಚಳಿಗಾಲದಲ್ಲಿ ಅವನಿಗೆ ಇನ್ನೊಂದು ಭಯ ಹುಟ್ಟಿತು. ಮೈಲಮ್ಮನ ಮುಖ ಕಣ್ಣಿಗೆ ಕಟ್ಟಿದಂತಿತ್ತು. ಅವಳ ಹಣೆಯ ಹಚ್ಚೆ, ನೂಲೆಳೆದು ಸವೆದಿದ್ದ ತೋರುಬೆರಳು, ಸಿಟ್ಟು ಬಂದಾಗ ಸೆರಗು ಸಿಕ್ಕಿಸುವ ರೀತಿ ಎಲ್ಲವೂ ನೆನಪಿತ್ತು. ದನಿ ಮಾತ್ರ ಮರೆತುಹೋಗುತ್ತಿತ್ತು. ಬೆಳಗ್ಗೆ ಎದ್ದು, ಅವಳು ತನ್ನನ್ನು ಹೇಗೆ ಕರೆಯುತ್ತಿದ್ದಳು ಎಂದು ನೆನೆಸಿಕೊಂಡರೆ ಅಕ್ಕ ಬಸಲಿಂಗಮ್ಮನ ದನಿಯೇ ಬಂದು ನಿಲ್ಲುತ್ತಿತ್ತು. ಇದು ಯಾವ ಗಂಡಸಿಗೂ ಸಹಿಸುವ ಮಾತಲ್ಲ. ಖರ್ಚಾದರೆ ಆಗಲಿ, ಒಂದೇ ಒಂದು ಸಲ ಕೇಳಿಬಿಡುತ್ತೇನೆ ಎಂದು ಅವನು ಉಣ್ಣೆಯ ಬುಟ್ಟಿಗೆ ಕೈಹಾಕಿದ. ತಳದವರೆಗೆ ಹುಡುಕಿದ. ಕ್ಯಾಸೆಟ್ಟು ಇರಲಿಲ್ಲ.

“ಯಕ್ಕಾ, ಬುಟ್ಟ್ಯಾಗಿನ ಕ್ಯಾಸೆಟ್ ಎಲ್ಲೈತಿ?”

“ಆ ಕರೀ ಡಬ್ಬೀನಾ? ಹಳೇವು ಇದ್ರ ಕೊಡ್ರಿ ಅಂತ ಶಿವಯೋಗಪ್ಪ ಬಂದಿದ್ದ. ಕೊಟ್ಟೆ.”

“ಕೊಟ್ಟ್ಯಾ! ಆತಗ ಯಾಕ ಬೇಕಾಗಿತ್ತು?”

“ಹೊಲಕ್ಕ. ಗುಬ್ಬಿ ಕಾಯಾಕ.”

ಸೀಡಿ ಬಂದ ಮೇಲೆ ಕ್ಯಾಸೆಟ್ಟಿನ ಮರ್ಯಾದೆ ಹೋಗಿ ಎರಡು ವರ್ಷವಾಗಿತ್ತು. ಅದರ ಹೊಟ್ಟೆಯೊಳಗಿನ ಟೇಪನ್ನು ಎಳೆದು, ಜೋಳದ ಹೊಲದ ಗೂಟದಿಂದ ಗೂಟಕ್ಕೆ ಕಟ್ಟಿದರೆ, ಬಿಸಿಲಿಗೆ ಮಿರಮಿರ ಮಿಂಚಿ, ಗಾಳಿಗೆ ಗುಂಯ್ ಎಂದು ಹಕ್ಕಿಗಳನ್ನು ಓಡಿಸುತ್ತದೆ ಎಂದು ಯಾರೋ ಪುಣ್ಯಾತ್ಮ ಕಂಡುಹಿಡಿದಿದ್ದ. ಅಲ್ಲಿಂದ ಭಜನೆ, ಭಾಷಣ, ಸಿನಿಮಾ ಹಾಡು ಎಲ್ಲವೂ ಭೇದವಿಲ್ಲದೆ ಹೊಲ ಕಾಯುತ್ತಿದ್ದವು.

“ಯಕ್ಕಾ, ಅದರಾಗ ಮೈಲವ್ವ ಇದ್ಲಲ್ಲೇ!” ಎಂದು ಪಕ್ಕೀರಪ್ಪ ಕೂಗಿದ.

“ನನಗೇನು ಗೊತ್ತೋ? ದಿನಾ ಉಂಡಮ್ಯಾಲೆ ಕೇಳ್ತೀನಿ ಅಂತಿದ್ದಿ. ನಾಕು ವರ್ಷ ಆತು ಒಂದೇ ಮನ್ಯಾಗ ಅದೀನಿ, ನನ್ನ ಕಿವಿಗೆ ಒಂದಿನಾನೂ ಬಿದ್ದಿಲ್ಲ. ನೀ ಕೇಳೋದು ಬ್ಯಾರೆ ಇರಬೇಕು, ಇದು ಕೆಟ್ಟಿದ್ದು ಅಂದ್ಕೊಂಡೆ.”

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಪಕ್ಕೀರಪ್ಪನ ಸುಳ್ಳು ಶಿವಯೋಗಪ್ಪನ ಹೊಲದವರೆಗೆ ನಡೆದುಹೋಗಿತ್ತು.

ಆ ಹೊಲ ನಾಲ್ಕೆಕರೆ. ಹಿಂಗಾರಿ ಜೋಳ ಹಾಲುಗಾಳಾಗಿ ನಿಂತಿತ್ತು. ಅದರ ಮೇಲೆ ಹತ್ತು ಹದಿನೈದು ಕ್ಯಾಸೆಟ್ಟಿನ ಟೇಪು ಸಾಲುಸಾಲಾಗಿ ಹರಡಿತ್ತು. ಎಲ್ಲವೂ ಒಂದೇ ಬಣ್ಣ, ಒಂದೇ ಅಗಲ. ಇದರಲ್ಲಿ ಹೆಂಡತಿ ಯಾರು ಎಂದು ಗುರುತು ಹಿಡಿಯುವುದು ಹೇಗೆ? ಪಕ್ಕೀರಪ್ಪ ಒಂದೊಂದೇ ಟೇಪಿನ ಬಳಿ ನಿಂತು, ರುಮಾಲು ಸರಿಸಿ, ಕಿವಿಯಿಟ್ಟು ಕೇಳುತ್ತ ಹೊರಟ.

ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ದ್ಯಾಮಕ್ಕ ಇದನ್ನು ಕಂಡಳು. “ಏನ್ ಮಾಡಾಕತ್ತೀಯೋ ಪಕ್ಕೀರಣ್ಣ, ಜೋಳದಾಗ ನಿಂತು?”

“ಸುಮ್ಕಿರವ್ವಾ, ಗದ್ದಲ ಮಾಡಬ್ಯಾಡ. ನಮ್ಮಾಕಿ ಇಲ್ಲೇ ಎಲ್ಲೋ ಅದಾಳ. ಈಗರ ಮಾತಾಡಿದಂಗ ಆತು.”

ದ್ಯಾಮಕ್ಕ ಕುಡಗೋಲನ್ನೂ ಹುಲ್ಲನ್ನೂ ಅಲ್ಲೇ ಬಿಟ್ಟಳು. ಕಾಲಲ್ಲಿದ್ದ ಚಪ್ಪಲಿಗಳಲ್ಲಿ ಒಂದನ್ನೂ ಬಿಟ್ಟಳು.

ಸುದ್ದಿ ಬೋರಿಂಗಿನ ಬಳಿ ಬಂದಾಗ ಮೈಲಮ್ಮ ಹೊಲದಲ್ಲಿ ಮಾತಾಡುತ್ತಿದ್ದಳು. ಹೋಟೆಲಿಗೆ ಬರುವಷ್ಟರಲ್ಲಿ ಕೂದಲು ಬಿಚ್ಚಿಕೊಂಡು ಹೊಲ ಕಾಯುವ ಅಟ್ಟಣಿಗೆ ಏರಿದ್ದಳು. ಕೊಟ್ಟೂರು ಬಸ್ಸು ಬರುವ ವೇಳೆಗೆ, ತನ್ನ ವಸ್ತು ಯಾರ್‍ಯಾರ ಮನೆಯಲ್ಲಿ ಉಳಿದಿದೆ ಎಂದು ಹೆಸರು ಹಿಡಿದು ಕರೆಯುತ್ತಿದ್ದಳು. ಈ ಕೊನೆಯ ಮಾತು ಊರ ಹೆಂಗಸರ ಎದೆಗೆ ನಾಟಿತು. ಯಾಕೆಂದರೆ ಮೈಲಮ್ಮ ಕೊಟ್ಟದ್ದನ್ನು ಎರಡನೇ ಸಲ ಕೇಳಿದವಳಲ್ಲ. ಹಾಗಾಗಿ ಕೊಟ್ಟದ್ದು ಹಿಂದಕ್ಕೆ ಬಂದದ್ದೂ ಕಡಿಮೆ.

ಮಾರನೆಯ ಬೆಳಗ್ಗೆ ಪಕ್ಕೀರಪ್ಪನ ಕಟ್ಟೆಯ ಮೇಲೆ ಎರಡು ಮೊರ, ಒಂದು ಜರಡಿ, ಹಿತ್ತಾಳೆ ಸೌಟು, ಹಗ್ಗವಿಲ್ಲದ ಕಡಗೋಲು, ಕಾಲು ಮುರಿದ ಮಣೆ ಇದ್ದವು. ಮಣೆ ಒಯ್ದವರು ಅದು ಮೊದಲೇ ಮುರಿದಿತ್ತು ಎಂದು ದೇವರ ಮೇಲೆ ಆಣೆ ಹಾಕಿ ಹೇಳಿ ಕಳಿಸಿದ್ದರು. ಬಸಲಿಂಗಮ್ಮ ಒಂದೊಂದನ್ನೇ ಒಳಗಿಡುತ್ತ, “ಬದುಕಿದ್ದಾಗ ಇಷ್ಟು ಚಲೋ ಸಂಸಾರ ಮಾಡಿರಲಿಲ್ಲ ಬಿಡು,” ಎಂದು ತಮ್ಮನ ಹೆಂಡತಿಯನ್ನು ಮೊದಲ ಬಾರಿಗೆ ಹೊಗಳಿದಳು.

ಪಕ್ಕೀರಪ್ಪನಿಗೆ ಮೊರವೂ ಬೇಡ, ಸೌಟೂ ಬೇಡ. ಅವನು ಶಿವಯೋಗಪ್ಪನ ಮನೆಗೆ ಹೋದ.

“ಶಿವಯೋಗಪ್ಪನೋರ, ನಮ್ಮಾಕೀನ ಬಿಚ್ಚಿ ಕೊಡ್ರಿ.”

ಶಿವಯೋಗಪ್ಪ ಕೆಟ್ಟ ಮನುಷ್ಯನಲ್ಲ. ಆದರೆ ಅವನ ಹೊಲದಲ್ಲಿ ಆ ಎರಡು ದಿನದಲ್ಲಿ ನಡೆದ ಪವಾಡ ಅವನ ಮನಸ್ಸು ಕೆಡಿಸಿತ್ತು. ಗುಬ್ಬಿ ಬಿಡಿ, ಮನುಷ್ಯರೇ ಆ ಕಡೆ ಸುಳಿದಿರಲಿಲ್ಲ. ಎಳೆ ತೆನೆ ಮುರಿದುಕೊಂಡು ಸುಟ್ಟು ತಿನ್ನುವವರು ನಾಪತ್ತೆಯಾಗಿದ್ದರು. ಚೊಂಬು ಹಿಡಿದು ಬದುವಿಗೆ ಬರುವವರು ಬೇರೆ ಬದು ನೋಡಿಕೊಂಡಿದ್ದರು. ದನ ಬಿಡುವವರು ದನಗಳಿಗೆ ಬುದ್ಧಿ ಹೇಳಿ ಆಚೆ ಹೊಡೆದುಕೊಂಡು ಹೋಗಿದ್ದರು. ಬೆಳೆ ನೋಡಿ ಬರೆದುಕೊಳ್ಳಲು ಬಂದಿದ್ದ ಗ್ರಾಮಲೆಕ್ಕಿಗರಂತೂ ವಿಷಯ ಕೇಳಿ ಡಾಂಬರು ರಸ್ತೆಯಿಂದ ಕೆಳಗಿಳಿಯಲೇ ಇಲ್ಲ. ಗಾಡಿಯ ಮೇಲೆ ಕೂತೇ ‘ಬೆಳೆ ಚೆನ್ನಾಗಿದೆ’ ಎಂದು ಬರೆದು, ಅಕ್ಕಪಕ್ಕದ ಆರು ಹೊಲದ ಬೆಳೆಯೂ ಚೆನ್ನಾಗಿದೆಯೆಂದು ಬರೆದು ಹೊರಟುಹೋಗಿದ್ದರು.

“ಕೊಯ್ಲಾಗಾಮಟ ಇರ್ಲಿ ಬಿಡೋ ಪಕ್ಕೀರಪ್ಪ. ನಮ್ಮ ಹೊಲದಾಗ ಆಕಿಗೇನು ಕಡಿಮಿ ಆಗೈತಿ?”

“ಗಾಳಿ ಬಿಸಿಲಿಗೆ ಸವದು ಹೋಗ್ತಾಳ್ರಿ.”

“ಬದುಕಿದ್ದಾಗ ಇದೇ ಹೊಲದಾಗ ಬಿಸಿಲಾಗ ಕಳೆ ತಗದಾಕಿ ಹೌದಲ್ಲೋ? ಈಗೇನು ನೆಳ್ಳು ಬೇಡ್ತಾಳಾ? ನೋಡು, ಡಬ್ಬಿ ಮ್ಯಾಲೆ ಗೀತಮ್ಮ ಟೀಚರ್ ಅಂತ ಬರದಿತ್ತು, ಅದನ್ನ ಮೂಡಲ ಬದುವಿನ ಮೂರನೇ ಸಾಲಿಗೆ ಕಟ್ಟೀನಿ. ನಿನಗ ಯಾವಾಗ ಬೇಕು ಆವಾಗ ಬಂದು ಮಾತಾಡಿಸಿಕೊಂಡು ಹೋಗು. ನಾ ಬ್ಯಾಡ ಅನ್ನಂಗಿಲ್ಲ.”

ಪಕ್ಕೀರಪ್ಪ ಬಾಯಿ ಬಿಡುವಷ್ಟರಲ್ಲಿ ಪಕ್ಕದ ಹೊಲದ ಹುಲುಗಣ್ಣ ಒಳಗೆ ಬಂದ. ಅವನು ನಿಂತೇ, ಅಕ್ಕಿ ಸಾಲ ಕೇಳುವವನ ಹಾಗೆ ಮೆಲ್ಲಗೆ ಹೇಳಿದ: “ಶಿವಯೋಗಪ್ಪನೋರ, ನಮ್ಮ ಶೇಂಗಾಕ್ಕ ಹಂದಿ ಕಾಟ ಭಾಳ ಆಗೈತಿ. ನಿನ್ನೆ ಆಚಿ ಹೊಲದ ಅಂಜಿನೇಯಲುಗೆ ಕೊಟ್ರಲ್ಲ, ಹಂಗ ನಮಗೂ ಎರಡು ಮಾರು ಮೈಲಮ್ಮನ್ನ ಕೊಡ್ರಿ.”

ಪಕ್ಕೀರಪ್ಪ ಶಿವಯೋಗಪ್ಪನ ಮುಖ ನೋಡಿದ. ಶಿವಯೋಗಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ.

ಕೇಳಿದವರಿಗೆ ಇಲ್ಲ ಎಂದು ಹೇಳಲಾರದ ಧಾರಾಳಿ ಶಿವಯೋಗಪ್ಪ, ಎರಡು ದಿನದಲ್ಲಿ ಏಳು ಹೊಲಕ್ಕೆ ಎರಡೆರಡು ಮಾರು ಮೈಲಮ್ಮನನ್ನು ಕುಡಗೋಲಿನಿಂದ ಕತ್ತರಿಸಿ ಹಂಚಿದ್ದ. ಹಲವಾಗಲು ಊರಿನಿಂದ ಬಂದಿದ್ದ ಬೀಗರೊಬ್ಬರು, ಹೊಳೆದಂಡೆಯ ಹೊಲಕ್ಕೂ ಇದು ನಡೆಯುತ್ತದೆಯೇ ಎಂದು ವಿಚಾರಿಸಿದ್ದರು. ಅವರಿಗೆ ಇನ್ನೂ ಕೊಟ್ಟಿರಲಿಲ್ಲ. ಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು.

ಪಕ್ಕೀರಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಅವನಿಗೆ ಬೈಯಲು ಬರುತ್ತಿರಲಿಲ್ಲ. ಆ ಕೆಲಸವನ್ನೆಲ್ಲ ಮೈಲಮ್ಮ ನೋಡಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿ ಬಂತು. “ನಾ ಬ್ಯಾರೆ ಏನೂ ಕೇಳಂಗಿಲ್ರಿ. ನನ್ನ ಹೇಣ್ತೀನ ಮನಿಗೆ ಕರಕೊಂಡು ಹೋಗಾಕ ಬಂದೀನಿ,” ಎಂದ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶಿವಯೋಗಪ್ಪನ ಹೆಂಡತಿ ಮರುಳಸಿದ್ದಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಏನ್ರಿ, ಗಂಡ ಬಂದು ಬಾಗಲಾಗ ಕುಂತು ಕರಿಯಾಕತ್ಯಾನ. ನೀವು ಹೆಣ್ಣುಮಗಳನ್ನ ಇಟ್ಕೊಂಡು ಕುಂತೀರಲ್ಲ! ನಾಳೆ ನಮ್ಮ ಮಗಳನ್ನ ಯಾರರ ಹಿಂಗ ಇಟ್ಕೊಂಡ್ರ ಸುಮ್ಮನಿರ್ತೀರೇನು? ಮೊದ್ಲು ಕಳಸ್ರಿ ಆಕೀನ!”

“ಅದು ಬರೇ ಟೇಪು ಬಿಡೇ…”

“ಟೇಪೋ ಗೀಪೋ. ಕರಿಯಾಕ ಬಂದಾನೋ ಇಲ್ಲೋ?”

ಶಿವಯೋಗಪ್ಪ ಎದ್ದು ಚಪ್ಪಲಿ ಮೆಟ್ಟಿದ. ಇಡೀ ಸೀಮೆಯ ರೂಢಿಯೇ ಅದು. ಗಂಡ ಕರೆಯಲು ಬಂದ ಮೇಲೆ ತವರಿನವರೇ ತಡೆಯುವುದಿಲ್ಲ, ಇನ್ನು ಜೋಳದ ಹೊಲದವನು ತಡೆಯುತ್ತಾನೆಯೇ?

ಹಾಗಾಗಿ ಮೈಲಮ್ಮನ ಕಳಿಸಿಕೊಡುವಿಕೆ ಶಾಸ್ತ್ರೋಕ್ತವಾಗಿ ನಡೆಯಿತು. ಬರಿಗೈಲಿ ಕಳಿಸಬಾರದೆಂದು ಮರುಳಸಿದ್ದಮ್ಮ ಮೂರನೇ ಸಾಲಿನ ಗೂಟಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇಟ್ಟು ಉಡಿ ತುಂಬಿದಳು. ಅವಳನ್ನು ನೋಡಿ ಉಳಿದ ಹೊಲದ ಹೆಂಗಸರೂ ಎರಡೆರಡು ಮಾರಿಗೆ ಒಂದೊಂದು ಉಡಿ ತುಂಬಿದರು. ಅಂಜಿನೇಯಲುವಿನ ತಾಯಿ ಹೊನ್ನೂರಮ್ಮ, “ಹೋಗಿ ಬಾರವ್ವಾ, ಸಿಟ್ಟು ಮಾಡ್ಕೋಬ್ಯಾಡ,” ಎಂದು ಗೂಟದ ಎದುರು ಅತ್ತೇಬಿಟ್ಟಳು. ಎಂಟು ಖಣಗಳನ್ನು ಬಸಲಿಂಗಮ್ಮ ಮಡಿಚಿ ಇಟ್ಟುಕೊಂಡಳು.

ಪಕ್ಕೀರಪ್ಪ ಸೊಂಟದಿಂದ ತಕಲಿ ತೆಗೆದ. ನಡೆಯುತ್ತ, ಕುರಿ ನೋಡುತ್ತ, ಹರಟೆ ಹೊಡೆಯುತ್ತ ಉಣ್ಣೆ ನೂಲುವ ತಕಲಿ ಅದು. ಹೊಲದಿಂದ ಹೊಲಕ್ಕೆ ಹೋಗಿ ಟೇಪನ್ನು ಅದಕ್ಕೆ ಸುತ್ತಿದ. ಐವತ್ತು ವರ್ಷದ ಅಭ್ಯಾಸದ ಬೆರಳು. ಎಳೆ ಸಿಕ್ಕರೆ ಸುಮ್ಮನಿರುತ್ತದೆಯೇ? ಸುತ್ತುತ್ತ ಸುತ್ತುತ್ತ ತಕಲಿಯನ್ನು ತೊಡೆಗೆ ತೀಡಿ ಗರ್‍ರನೆ ತಿರುಗಿಸಿಯೂ ಬಿಟ್ಟಿತು. ತುದಿಗೆ ತುದಿ ಸೇರಿಸುವಾಗ ಎಂಜಲು ಹಚ್ಚಿ ಹೊಸೆಯಿತು. ಸಂಜೆಗೆ ತಕಲಿಯ ತುಂಬ ಕರಿ ಮಿಂಚಿನ ಗಟ್ಟಿ ನೂಲು ತಯಾರಾಗಿತ್ತು. ಇಷ್ಟು ಒಪ್ಪವಾದ ನೂಲು ತೆಗೆದು ಎಷ್ಟು ಕಾಲವಾಯಿತು ಎಂದು ಪಕ್ಕೀರಪ್ಪನೇ ಮೆಚ್ಚಿಕೊಂಡ.

ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಾರನೆಯ ದಿನ ಕೊಟ್ಟೂರಿನ ಗುಲಾಮಹುಸೇನನ ರೇಡಿಯೊ ರಿಪೇರಿ ಅಂಗಡಿಗೆ ಹೋದ.

“ಇದೇನು ಪಕ್ಕೀರಪ್ಪಣ್ಣ?” ಎಂದ ಗುಲಾಮಹುಸೇನ.

“ನಮ್ಮಾಕಿ.”

ಗುಲಾಮಹುಸೇನ ಕನ್ನಡಕ ಏರಿಸಿ ನೋಡಿದ. ಬಲ್ಬಿನ ಬೆಳಕಿಗೆ ಹಿಡಿದ. ಆಮೇಲೆ ಸ್ಟೂಲಿನ ಮೇಲೆ ಕೂತ. “ಯಾ ಅಲ್ಲಾ! ಟೇಪಿಗೆ ಹುರಿ ಹಾಕಿಯಲ್ಲೋ ಪುಣ್ಯಾತ್ಮ!”

“ಹುರಿ ಹಾಕದ ಎಳಿ ನಿಲ್ತೈತೇನ್ರಿ ಹುಸೇನಸಾಬ್ರ?”

ಇಪ್ಪತ್ತೆಂಟು ವರ್ಷ ರೇಡಿಯೊ ಬಿಚ್ಚಿದ ಗುಲಾಮಹುಸೇನನಿಗೆ ಇದನ್ನು ಬಿಚ್ಚುವುದು ಹೇಗೆಂದು ತಿಳಿಯಲಿಲ್ಲ. ಅದಕ್ಕೆ ಅವನ ಹೆಂಡತಿ ಹಮೀದಾ ಬೀಯೇ ಬೇಕಾಯಿತು. ಆಕೆ ಟೇಪಿನ ತುದಿ ಹಿಡಿದು, “ಹೆಂಗಸರ ಮಾತಿಗೆ ಗಂಡಸರು ಹಾಕಿದ ಹುರಿ ಬಿಚ್ಚೋದು ನಮಗ ಹೊಸದಲ್ಲ, ಕೊಡ್ರಿ ಇಲ್ಲಿ,” ಎಂದಳು. ಎಂಟು ದಿನ ಹಗಲೆಲ್ಲ ಕೂತು, ಗೇಣು ಗೇಣೇ ಬಿಚ್ಚಿ, ದಪ್ಪ ಪುಸ್ತಕದ ಹಾಳೆಗಳ ನಡುವೆ ಇಟ್ಟು ಚಪ್ಪಟೆ ಮಾಡಿದಳು. ಗುಲಾಮಹುಸೇನ ಎಂಜಲಿನ ಗಂಟುಗಳನ್ನು ಕತ್ತರಿಸಿ, ಅಂಟುಪಟ್ಟಿ ಹಚ್ಚಿ ಜೋಡಿಸಿ, ಹೊಸ ಡಬ್ಬಿಗೆ ಸುತ್ತಿದ. ಹೊಲದಲ್ಲಿ ಯಾವ ತುಂಡು ಮೊದಲು ಸಿಕ್ಕಿತ್ತೋ ಅದೇ ಮೊದಲು, ಬೇರೆ ದಾರಿ ಇರಲಿಲ್ಲ. ಗೂಟಕ್ಕೆ ಗಂಟು ಹಾಕಿದ್ದ ಕೊನೆಯ ತುದಿ ಮಾತ್ರ ಕೊನೆಯಲ್ಲೇ ಉಳಿದಿತ್ತು.

ಕೇಳುವ ದಿನ ಬನ್ನಿಹಟ್ಟಿಯಿಂದ ಒಂದು ಟೆಂಪೊ ತುಂಬ ಜನ ಬಂದರು. ಕಳಿಸಿಕೊಟ್ಟ ಹೆಣ್ಣುಮಗಳು ಸುಖವಾಗಿ ಮನೆ ಸೇರಿದಳೋ ಇಲ್ಲವೋ ನೋಡಬೇಡವೇ? ಅಂಗಡಿಯಲ್ಲಿ ಜಾಗ ಸಾಲದೆ ಅರ್ಧ ಜನ ರಸ್ತೆಯಲ್ಲಿ ಕೂತರು. ಪಕ್ಕೀರಪ್ಪ ಒಗೆದ ಧೋತರ ಉಟ್ಟು, ಟೇಪ್‌ರೆಕಾರ್ಡರಿನ ಎದುರೇ ಸ್ಟೂಲು ಹಾಕಿಕೊಂಡ.

ಗುಲಾಮಹುಸೇನ ಗುಂಡಿ ಒತ್ತಿದ. ಮೊದಲು ಕರಕರ ಸದ್ದು. ಆಮೇಲೆ ರಾಟೆಯ ಗುರ್ರ್ ಗುರ್ರ್. “ಆಕಿ ರಾಟಿ!” ಎಂದ ಪಕ್ಕೀರಪ್ಪ. ಆಮೇಲೆ ದನಿ ಬಂತು.

ಗಂಡಸಿನ ದನಿ.

“…ಅಲ್ಲ, ತಡೀರಿ ಟೀಚರ, ಆಕಿಗೆ ಸರಿಯಾಗಿ ಗೊತ್ತಿಲ್ಲ, ನಾ ಹೇಳ್ತೀನಿ. ಒಂದೂರಾಗ ಒಬ್ಬ ರಾಜ. ಆ ರಾಜಗ ಏಳು ನೂರು ಕುರಿ…”

“ಹೂಂ,” ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ.

“ಕುರಿ ಅಂದ್ರ ಎಂಥ ಕುರಿ? ನಮ್ಮಪ್ಪನ ಕಾಲದಾಗ ಒಂದು ಟಗರಿತ್ತು…”

“ಹೂಂ.”

ಟಗರು ಬಂತು, ಟಗರನ್ನು ಕೊಂಡ ಕುಡಗೋಲು ಮೀಸೆಯವ ಬಂದ, ರಾಜ ಸತ್ತ, ಆಮೇಲೆ ಅವನಿಗೆ ಮದುವೆಯಾಯಿತು. ತುಂಡುಗಳು ಹಿಂದುಮುಂದಾಗಿದ್ದವು. ಆದರೆ ಹೇಳುತ್ತಿದ್ದವನು ಪಕ್ಕೀರಪ್ಪನಾದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಬಸಲಿಂಗಮ್ಮ ತಡೆಯಲಾರದೆ ಬಾಯಿಬಿಟ್ಟಳು: “ಅಲ್ಲೊಂದು ಇಲ್ಲೊಂದು ಎಳಿ ಅಂದಿ. ಇಡೀ ಕಂಬಳೀನ ನಿಂದೈತಲ್ಲೋ!” ರಸ್ತೆಯಲ್ಲಿದ್ದವರೂ ಬಿದ್ದು ಬಿದ್ದು ನಕ್ಕರು.

ಪಕ್ಕೀರಪ್ಪ ನಗಲಿಲ್ಲ. ಅವನಿಗೆ ಆ ಟೇಪಿನೊಳಗಿನ ಗಂಡಸಿನ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಎಷ್ಟು ಮಾತಾಡುತ್ತಾನೆ! ಒಂದು ಗಳಿಗೆ ಬಾಯಿ ಮುಚ್ಚಿದರೆ ಇವನ ಗಂಟೇನು ಹೋಗುತ್ತಿತ್ತು? ಅವನು ಆ ದನಿಯನ್ನು ದಾಟಿಸಿಕೊಂಡು ಹಿಂದಿನ ಹೂಂಗಳಿಗೆ ಮಾತ್ರ ಕಿವಿಗೊಟ್ಟ. ಕಥೆಗೆ ಯಾರಾದರೂ ಹೂಂ ಅನ್ನಬೇಕು. ಅನ್ನದಿದ್ದರೆ ಕಥೆ ಮುಂದೆ ನಡೆಯುವುದಿಲ್ಲ. ಮೂವತ್ತೊಂದು ವರ್ಷ ಅವನ ಕಥೆಯನ್ನೆಲ್ಲ ಆ ಹೂಂ ನಡೆಸಿತ್ತು. ರಾಜ ಸತ್ತಾಗಿನ ಹೂಂ ಬೇರೆ, ನೂಲು ಹರಿದಾಗಿನ ಹೂಂ ಬೇರೆ, ಗಂಡ ಸುಳ್ಳು ಹೇಳುತ್ತಿದ್ದಾನೆ ಎಂದು ಗೊತ್ತಾದಾಗಿನ ಹೂಂ ಬೇರೆ. ಇದೇ ಅವಳ ದನಿ. ಇದನ್ನು ಹೇಗೆ ಮರೆತೆ ಎಂದು ಅವನಿಗೆ ಅಳು ಬಂತು.

ಟೇಪಿನ ಕೊನೆಯ ತುಂಡು ಬಂತು. ಗೀತಮ್ಮನ ದನಿ ಕೇಳಿಸಿತು: “ಮೈಲಮ್ಮಾರ, ಈಗ ನೀವೊಂದು ಹೇಳ್ರಿ.”

“ನಾನಾ? ನಾ ಹೇಳಿದ್ರ ಹೂಂ ಅನ್ನೋರು ಯಾರ್ರಿ?”

“ನಿಮ್ಮ ಯಜಮಾನ್ರು ಅದಾರಲ್ಲ.”

ಮೈಲಮ್ಮ ನಕ್ಕಳು. “ಆತು, ಹೇಳ್ತೀನಿ. ಒಂದೂರಾಗ ಒಬ್ಬಾಕಿ ಉಣ್ಣಿ ನೂಲಾಕಿ ಇದ್ಲಂತ…”

ಅವಳು ಕಾದಳು. ರಾಟೆಯ ಸದ್ದು ನಿಧಾನವಾಯಿತು, ನಿಂತಿತು.

“ನೋಡಿದ್ರ್ಯಾ ಟೀಚರ? ಹೂಂ ಅನ್ನಲಿಲ್ಲ.”

ಟೇಪು ಖಟ್ ಎಂದು ನಿಂತಿತು.

“ಮುಗೀತಾ?” ಎಂದ ಪಕ್ಕೀರಪ್ಪ. “ಖರ್ಚಾಗಿಬಿಟ್ಲಾ?”

“ಖರ್ಚು ಎಲ್ಲೀದಣ್ಣ? ತಿರುಗಿ ಸುತ್ತಿದ್ರ ಮತ್ತ ಬರ್ತಾಳ,” ಎಂದು ಗುಲಾಮಹುಸೇನ ಇನ್ನೊಂದು ಗುಂಡಿ ಒತ್ತಿದ. ಡಬ್ಬಿಯೊಳಗೆ ಉಂಡೆ ಹಿಂದಕ್ಕೆ ತಿರುಗಿತು.

“…ಒಬ್ಬಾಕಿ ಉಣ್ಣಿ ನೂಲಾಕಿ ಇದ್ಲಂತ…”

“ಹೂಂ,” ಎಂದ ಪಕ್ಕೀರಪ್ಪ.

ರಾಟೆಯ ಸದ್ದು ನಿಂತಿತು. “ನೋಡಿದ್ರ್ಯಾ ಟೀಚರ? ಹೂಂ ಅನ್ನಲಿಲ್ಲ.”

ಟೇಪು ಮತ್ತೆ ಖಟ್ ಎಂದಿತು. 

ಪಕ್ಕೀರಪ್ಪ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ, ಗಂಟಲು ಸರಿಮಾಡಿಕೊಂಡ.

“ಹುಸೇನಸಾಬ್ರ, ಇನ್ನೊಮ್ಮೆ ಹಾಕ್ರಿ. ಈ ಸಲ ಜೋರಾಗಿ ಅಂತೀನಿ.”